ಅಕ್ಕನ ಹಿತ್ತಲಿನ ಬೋಳು ಸೈಪ್ರೆಸ್

ಅಮೆರಿಕೆಗೆ ಹೋಗಿ ಬಂದವನು ಸಂಘದ ಪತ್ರಿಕೆಗೆ ಒಂದು ಲೇಖನವನ್ನಾದರೂ ಕೊಡಬೇಕೆಂಬುದು ನಮ್ಮಲ್ಲಿ ಬರೆಯದಿರುವ ಕಾಯಿದೆ. ಕಾಯಿದೆಗೆ ಅಂಜುವುದು ನನ್ನಂಥ ಕಾರಕೂನನ ಹುಟ್ಟುಗುಣ. ಆದರೆ ವಾಚಕರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ನಯಾಗರಾ ನೋಡಲಿಲ್ಲ, ನ್ಯೂಯಾರ್ಕಿನ ಗಗನಚುಂಬಿಗಳನ್ನೂ ನೋಡಲಿಲ್ಲ. ಲೂಯಿಸಿಯಾನಾ ಸಂಸ್ಥಾನದ ಬೇಟನ್ ರೂಜ್ ಎಂಬ ಊರಿನಲ್ಲಿ ಇಪ್ಪತ್ತೆಂಟು ದಿನ ಅಕ್ಕನ ಮನೆಯಲ್ಲಿದ್ದು, ಅವಳ ಹಿತ್ತಲಿನ ಒಂದು ಗಿಡಕ್ಕೆ ನೀರು ಹಾಕಿ ತಿರುಗಿ ಬಂದೆ. ಹೇಳುವುದೇನಾದರೂ ಇದ್ದರೆ ಆ ಗಿಡದ ಸಂಗತಿಯೇ.

ಹೊರಟದ್ದು 2024ರ ದೀಪಾವಳಿ ಮುಗಿದ ಮೇಲೆ. ಸರಕಾರಿ ನೌಕರನಾದವನು ಸ್ವಂತ ಕೆಲಸಕ್ಕೆ ಪರದೇಶಕ್ಕೆ ಹೋಗುವುದಾದರೂ ಇಲಾಖೆಯ ಅನುಮತಿ ಬೇಕು. ಅರ್ಜಿಯಲ್ಲಿ ‘ಪ್ರವಾಸದ ಉದ್ದೇಶ’ ಎಂಬ ಕಲಮಿನ ಮುಂದೆ ‘ಸಹೋದರಿಯ ಭೇಟಿ’ ಎಂದು ಬರೆದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅಕ್ಕನಿಗೆ ಎದುರು ಕುಳಿತು ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಒಂದೂವರೆ ವರ್ಷದಿಂದ ಉಳಿದುಕೊಂಡಿತ್ತು. ಫೋನಿನಲ್ಲಿ ಅದನ್ನು ಹೇಳುವ ಧೈರ್ಯ ಬಂದಿರಲಿಲ್ಲ. ಟಿಕೇಟಿನ ದುಡ್ಡನ್ನು ಅವಳೇ ಕಳಿಸಿದಳು. ಅದರಿಂದ ಆ ಮಾತು ಇನ್ನಷ್ಟು ಭಾರವಾಯಿತು.

ಪುಣೆಯಿಂದ ಮುಂಬಯಿ, ಮುಂಬಯಿಯಿಂದ ದುಬೈ, ದುಬೈಯಿಂದ ಹ್ಯೂಸ್ಟನ್. ಅಲ್ಲಿಗೆ ಭಾವನವರು ಮೋಟಾರು ತಂದಿದ್ದರು. ಹ್ಯೂಸ್ಟನ್ನಿನಿಂದ ಬೇಟನ್ ರೂಜಿಗೆ ಸುಮಾರು 430 ಕಿಲೋಮೀಟರು ದಾರಿ. ಮೊದಲ ಮೂರು ತಾಸು ನಾನು ನಿದ್ದೆಯಲ್ಲಿ ಕಳೆದೆ. ಲಾಫಯೆಟ್ ಎಂಬ ಊರು ದಾಟಿದ ಮೇಲೆ ಭಾವನವರು ಭುಜ ತಟ್ಟಿ, “ಏಳಪಾ, ಇನ್ನ ನೋಡು,” ಎಂದರು. ಕಣ್ಣು ಬಿಟ್ಟರೆ ನೆಲವೇ ಇಲ್ಲ! ರಸ್ತೆ ಕಂಬಗಳ ಮೇಲೆ ಏರಿ ನೀರಿನ ಮೇಲೆ ಹೊರಟಿತ್ತು. ಅದು ಅಚಾಫಲಾಯಾ ಜೌಗಿನ ಸೇತುವೆ. 1973ರಲ್ಲಿ ಮುಗಿಸಿದ್ದು, ಉದ್ದ 18 ಮೈಲಿ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಮತ್ತೆ ಅರ್ಧ ದಾರಿ ತಿರುಗಿ ಬಂದಷ್ಟು ದೂರ ಸೇತುವೆಯೊಂದೇ!

ಎರಡೂ ಕಡೆ ನಿಂತ ನೀರಿನಲ್ಲಿ ಮರಗಳು ನಿಂತಿದ್ದವು. ಬುಡ ಗಂಟೆಯ ಬಾಯಿಯಂತೆ ಅಗಲ, ಮೇಲೆ ಕಂಬದಂತೆ ನೆಟ್ಟಗೆ. ಎಲೆಗಳೆಲ್ಲ ಕಾಸಿದ ತಾಮ್ರದ ಬಣ್ಣ. ಕೊಂಬೆಗಳಿಂದ ಬೂದು ಜಡೆಗಳು ಜೋತುಬಿದ್ದಿದ್ದವು. ಅದಕ್ಕೆ ‘ಸ್ಪ್ಯಾನಿಷ್ ಮಾಸ್’ ಎನ್ನುತ್ತಾರೆ. ಅದು ಸ್ಪೇನಿನದೂ ಅಲ್ಲ, ಹಾವಸೆಯೂ ಅಲ್ಲ. ಅನಾನಸಿನ ಕುಲಕ್ಕೆ ಸೇರಿದ ಸಸ್ಯ. ಮರದಿಂದ ಏನನ್ನೂ ಹೀರದೆ ಬರಿಯ ಆಸರೆಗೆ ಜೋತುಕೊಂಡಿರುತ್ತದೆ. ಪರಸ್ಥಳದಲ್ಲಿರುವ ನಮ್ಮಂಥವರ ನೆನಪಾಯಿತು. ಆದರೆ ಭಾವನವರಿಗೆ ಹೇಳಲಿಲ್ಲ.

“ಈ ಮರಗಳೆಲ್ಲ ಒಣಗ್ಯಾವೇನು?” ಎಂದು ಕೇಳಿದೆ. ಭಾವನವರು ನಕ್ಕರು. “ನಿಮ್ಮ ಅಕ್ಕನೂ ಇದನ್ನ ಕೇಳಿದ್ಲು. ಅತ್ಕೋತ ಕೇಳಿದ್ಲು.”

ಇದೇ ಬೋಳು ಸೈಪ್ರೆಸ್. ಪೈನು, ದೇವದಾರುಗಳ ಬಳಗದ ಮರಗಳು ಹೆಚ್ಚಾಗಿ ವರ್ಷವಿಡೀ ಹಸುರಾಗಿರುತ್ತವೆ. ಈ ಮರ ಮಾತ್ರ ಆ ಬಳಗದಲ್ಲಿದ್ದೂ ಚಳಿಗಾಲದ ಮುಂದೆ ಎಲೆಯನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಅದಕ್ಕೇ ಆ ಹೆಸರು. ಒಂದೊಂದೇ ಎಲೆಯನ್ನಲ್ಲ, ಸಣ್ಣ ಕಡ್ಡಿಯ ಸಮೇತ ಗರಿಯಂಥ ಇಡೀ ಚಿಗುರನ್ನೇ ಉದುರಿಸುತ್ತದೆ. ನಮ್ಮ ಬೆಟ್ಟದ ನೆಲ್ಲಿಯೂ ಹೀಗೆಯೇ ಮಾಡುತ್ತದೆ. ಗರಿಯ ಆಕಾರವೂ ಹೆಚ್ಚುಕಡಿಮೆ ನೆಲ್ಲಿಯದೇ. ಅಮೆರಿಕೆಯ ಆಗ್ನೇಯ ಭಾಗದ ನದೀತೀರಗಳೂ ಜೌಗುಗಳೂ ಇದರ ತವರು. ಲೂಯಿಸಿಯಾನಾ 1963ರಲ್ಲಿ ಇದನ್ನು ತನ್ನ ಸಂಸ್ಥಾನದ ಮರವೆಂದು ಸಾರಿತು.

ಇನ್ನು ಅಕ್ಕನ ಗಿಡದ ಕಥೆ. 2021 ನಮ್ಮ ಮನೆತನಕ್ಕೆ ಕೆಟ್ಟ ವರ್ಷ. ಆ ಫೆಬ್ರುವರಿಯಲ್ಲಿ ಅಲ್ಲಿ ಅಪರೂಪದ ಹಿಮಗಾಳಿ ಬೀಸಿ, ಅಕ್ಕ ಆರು ವರ್ಷ ಜೋಪಾನ ಮಾಡಿದ್ದ ಕರಿಬೇವು, ನುಗ್ಗೆ, ದುಂಡುಮಲ್ಲಿಗೆ ಮೂರೂ ಸುಟ್ಟುಹೋದವು. ಮೇ ತಿಂಗಳಿನಲ್ಲಿ ಧಾರವಾಡದಲ್ಲಿ ನಮ್ಮ ಅವ್ವ ಹೋದಳು. ವಿಮಾನ ಸಿಗುವ ಕಾಲವಲ್ಲ ಅದು; ಸಿಕ್ಕರೂ ಬರಬೇಡವೆಂದು ನಾವೇ ಹೇಳಿದೆವು. ಅಕ್ಕ ಅವ್ವನ ಮುಖವನ್ನು ಕೊನೆಯ ಸಲ ನೋಡಿದ್ದು ಅಂಗೈಯಗಲದ ಗಾಜಿನಲ್ಲಿ. ಆಗಸ್ಟ್ 29ಕ್ಕೆ ‘ಐಡಾ’ ಎಂಬ ಚಂಡಮಾರುತ ಬಂದು ಹಿತ್ತಲಿನ ಹಳೆಯ ವಾಟರ್ ಓಕ್ ಮರವನ್ನು ಬೇರುಸಹಿತ ಕೆಡವಿತು. ಪುಣ್ಯಕ್ಕೆ ಮನೆಯ ಮೇಲೆ ಬೀಳಲಿಲ್ಲ.

ಮರ ಹೋದ ಜಾಗ ತಗ್ಗು. ಅಲ್ಲಿ ವರ್ಷಕ್ಕೆ ಸುಮಾರು 60 ಇಂಚು ಮಳೆ; ಮಳೆ ಬಂದಾಗಲೆಲ್ಲ ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅವ್ವನ ಹೆಸರಿನಲ್ಲಿ ಅಲ್ಲೊಂದು ಗಿಡ ಹಚ್ಚಬೇಕೆಂದು ಅಕ್ಕನ ಮನಸ್ಸು. ಅವಳಿಗೆ ಬೇಕಾಗಿದ್ದುದು ನೇರಲ. ಸಸಿ ಮಾರುವ ಮುದುಕ ತಲೆ ಅಲ್ಲಾಡಿಸಿ, ಇನ್ನೊಂದು ಹಿಮಗಾಳಿ ಬಂದರೆ ಅದೂ ಹೋದೀತು, ನೀರು ನಿಲ್ಲುವ ಮೂಲೆಗೆ ಈ ನೆಲದ್ದೇ ಆದ ಗಿಡ ಒಯ್ಯಿರಿ ಎಂದನಂತೆ. ಹಾಗೆ ಐದಡಿಯ ಬೋಳು ಸೈಪ್ರೆಸ್ ನವರಾತ್ರಿಯಲ್ಲಿ ಮನೆಗೆ ಬಂತು. ಅದರ ಚಳಿಗಾಲದ ಸ್ವಭಾವವನ್ನು ಅವನು ಹೇಳಲಿಲ್ಲವೋ, ಹೇಳಿದ್ದು ಇವರಿಗೆ ತಿಳಿಯಲಿಲ್ಲವೋ!

ಒಂದೂವರೆ ತಿಂಗಳಿನಲ್ಲಿ ಗಿಡ ಕೆಂಪಾಯಿತು, ಕಂದಾಯಿತು, ಗರಿಯೆಲ್ಲ ಉದುರಿ ಬರೀ ಕಡ್ಡಿಯಾಯಿತು. ಅಕ್ಕ ಅಂದು ರಾತ್ರಿ ನನಗೆ ಫೋನು ಮಾಡಿದ್ದು ಇನ್ನೂ ಕಿವಿಯಲ್ಲಿದೆ. “ತಮ್ಮಾ, ಅವ್ವನ ಹೆಸರೀಲೆ ಹಚ್ಚಿದ ಗಿಡಾನೂ ಸತ್ತು ಹೋತು,” ಎಂದು ಅತ್ತಳು. ನಾನು ಪುಣೆಯ ಮೂರನೆಯ ಮಹಡಿಯಲ್ಲಿ ನಿಂತು ಏನು ಹೇಳಲಿ? ಭಾವನವರು ಮರುದಿನ ಸಸಿಯವನನ್ನು ಕೇಳಿದಾಗ, ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿರಿ ಎಂದನಂತೆ. ಕೆರೆದರು. ಒಳಗೆ ಹಸುರು ಇತ್ತು. ಮಾರ್ಚಿನಲ್ಲಿ ಕಡ್ಡಿಯ ತುಂಬ ಗಿಣಿಹಸುರಿನ ಮೊಗ್ಗು ಒಡೆದು ನಿಂತಿತು.

ನಾನು ಹೋದಾಗ ಗಿಡಕ್ಕೆ ಮೂರು ವರ್ಷ. ಎತ್ತರ ನನ್ನ ಎರಡರಷ್ಟು, ಅಂದರೆ ಹನ್ನೊಂದಡಿ. ಅಕ್ಕನ ದಿನಚರಿ ಅದರಿಂದಲೇ ಮೊದಲಾಗುತ್ತದೆ. ಆ ವರ್ಷ ಮಳೆಗಾಲದ ಕೊನೆ ಒಣಗಿದ್ದುದರಿಂದ ನೀರು ಹಾಕುವ ಕೆಲಸ ನನಗೆ ಬಂತು. ಕೊಡಕ್ಕೊಂದು ಪಾಠವೂ ಬಂತು. ವಾಚಕರಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿ ಮನೆ ಮಾಡಿದ್ದಾರಾದ್ದರಿಂದ ಅದನ್ನು ಇಲ್ಲಿ ಬರೆದಿಡುತ್ತೇನೆ.

ಈ ಗಿಡಕ್ಕೆ ಬೇಕಾದದ್ದು ಇಡೀ ದಿನದ ಬಿಸಿಲು. ನೆಲ ತುಸು ಹುಳಿಯಾಗಿರಬೇಕು. ಸುಣ್ಣದ ಅಂಶ ಹೆಚ್ಚಿದ್ದಲ್ಲಿ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ಜೌಗಿನಲ್ಲಿ ಹುಟ್ಟಿದ್ದಾದರೂ ಜೌಗೇ ಬೇಕೆಂಬ ಹಟವಿಲ್ಲ. ಒಮ್ಮೆ ಬೇರೂರಿತೆಂದರೆ ಸಾಮಾನ್ಯ ಹಿತ್ತಲಿನಲ್ಲಿಯೂ, ಬೀದಿಯ ಅಂಚಿನಲ್ಲಿಯೂ ಬೆಳೆಯುತ್ತದೆ. ಆದರೆ ಮೊದಲಿನ ಎರಡು ಮೂರು ವರ್ಷ ನೀರಿಗೆ ತಪ್ಪಬಾರದು. ತಗ್ಗನ್ನು ಬೇರಿನ ಉಂಡೆಯ ಎರಡು ಪಟ್ಟು ಅಗಲ ತೋಡಬೇಕು, ಆಳವಾಗಿ ಹೂಳಬಾರದು. ಬುಡದ ಸುತ್ತ ಒಣ ಎಲೆ ಹಾಸಬೇಕು, ಕಾಂಡಕ್ಕೆ ತಾಗದಂತೆ. ಕತ್ತರಿ ಹಾಕುವ ಕೆಲಸವಿಲ್ಲ. ಗೋಪುರದ ಆಕಾರಕ್ಕೆ ಅದು ತಾನಾಗಿಯೇ ಬರುತ್ತದೆ. ಉದುರಿದ ಗರಿ ಎಷ್ಟು ಸಣ್ಣದೆಂದರೆ ಗುಡಿಸುವ ಕಷ್ಟವೂ ಇಲ್ಲ, ಹುಲ್ಲಿನೊಳಗೆ ಇಳಿದು ಗೊಬ್ಬರವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬಿರುಗಾಳಿಗೆ ಸುಲಭವಾಗಿ ಬೀಳುವ ಜಾತಿಯಲ್ಲ. ಐಡಾ ಬಂದಾಗ ಓಕ್ ಬಿದ್ದ ಹಿತ್ತಲಿಗೆ ಇದಕ್ಕಿಂತ ಬೇರೆ ಶಿಫಾರಸು ಬೇಡ.

ಒಂದೇ ಎಚ್ಚರಿಕೆ. ಇದು ಹಿತ್ತಲಿನಲ್ಲಿಯೂ 50ರಿಂದ 70 ಅಡಿಗೆ ಏರುವ ಮರ. 20, 30 ಅಡಿ ಹರವು. ಮನೆಯ ಗೋಡೆಗೂ ಚರಂಡಿಯ ಕೊಳವೆಗೂ ದೂರವಿಡಬೇಕು. ಅಲ್ಲದೆ ನೀರು ನಿಲ್ಲುವಲ್ಲಿ, ಮರ ದೊಡ್ಡದಾದಂತೆ ಬೇರಿನಿಂದ ‘ಮೊಣಕಾಲು’ಗಳು ಏಳುತ್ತವೆ. ಮರದ ಸುತ್ತ ನೆಲದಿಂದ ಮೇಲಕ್ಕೆ ನಿಂತ ಕಟ್ಟಿಗೆಯ ಮೊನೆಗಳು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಅವು ಶತ್ರು. ಅಲ್ಲಿಯವರು ನೆಲಮಟ್ಟಕ್ಕಿಂತ ಕೆಳಗೆ ಗರಗಸದಿಂದ ಕೊಯ್ದುಬಿಡುತ್ತಾರೆ. ಅಕ್ಕನ ಗಿಡಕ್ಕೆ ಇನ್ನೂ ಎದ್ದಿಲ್ಲ. ಎದ್ದರೆ ಕೊಯ್ಯಗೊಡುವುದಿಲ್ಲ ಎಂದು ಅವಳೂ, ಹಾಗಾದರೆ ಹುಲ್ಲು ನೀನೇ ಕತ್ತರಿಸು ಎಂದು ಭಾವನವರೂ ಈಗಲೇ ಜಗಳ ಆರಂಭಿಸಿದ್ದಾರೆ.

ನಿಜವಾದ ಮೊಣಕಾಲುಗಳನ್ನು ನಾನು ನೋಡಿದ್ದು ಬ್ರೋ ಬ್ರಿಜ್ ಎಂಬ ಊರಿನ ಹತ್ತಿರ, ಮಾರ್ಟಿನ್ ಸರೋವರದಲ್ಲಿ. ದೋಣಿಯವನು ಮರಗಳ ನಡುವೆಯೇ ಹುಟ್ಟು ಹಾಕುತ್ತ ಹೋದ. ಬೆಳ್ಳಕ್ಕಿಗಳು ಕುಳಿತಿದ್ದವು, ಒಂದು ಮೊಸಳೆ ಮರದ ದಿಮ್ಮಿಯ ಮೇಲೆ ಬಿಸಿಲು ಕಾಯುತ್ತ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದಂಡೆಯ ಕೆಸರಿನಲ್ಲಿ ಮೊಣಕಾಲುಗಳು ಗುಂಪುಗುಂಪಾಗಿ, ಅಶ್ವತ್ಥದ ಕಟ್ಟೆಯ ಮೇಲೆ ನಾಗರಕಲ್ಲು ನಿಲ್ಲಿಸಿದಂತೆ ನಿಂತಿದ್ದವು. ಅಕ್ಕ ಕೂಡಲೇ ಕೈ ಮುಗಿದಳು. ಇವು ಏತಕ್ಕೆ ಏಳುತ್ತವೆ ಎಂಬ ಬಗ್ಗೆ ಪಂಡಿತರು ಸುಮಾರು ಇನ್ನೂರು ವರ್ಷಗಳಿಂದ ವಾದಿಸುತ್ತಿದ್ದಾರೆ. ಕೆಸರಿನಲ್ಲಿ ಹುದುಗಿದ ಬೇರಿಗೆ ಗಾಳಿ ಒದಗಿಸಲಿಕ್ಕೆ ಎಂದು ಕೆಲವರು, ಮೆತ್ತಗಿನ ನೆಲದಲ್ಲಿ ಮರಕ್ಕೆ ಊರುಗೋಲಾಗಲಿಕ್ಕೆ ಎಂದು ಕೆಲವರು. ಇದು ಅಮೆರಿಕೆಯದೇ ಬೆಡಗು ಎಂದು ತಿಳಿಯಬೇಕಿಲ್ಲ. ನಮ್ಮ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಇದೆ. ಅಲ್ಲಿಯೂ ಜೌಗಿನ ಮರಗಳು ಮೊಣಕಾಲಿನಂತೆ ಮಡಿಸಿದ ಬೇರುಗಳನ್ನು ನೆಲದ ಮೇಲೆ ಎತ್ತಿರುತ್ತವೆ. ಕುಲ ಬೇರೆ, ಕಷ್ಟ ಒಂದೇ. ಜೋಗಕ್ಕೆ ನಾಲ್ಕು ಸಲ ಹೋದವನು ನಾನು; ಪಕ್ಕದ ಆ ಕಾನನ್ನು ಒಮ್ಮೆಯೂ ನೋಡಿಲ್ಲ. ಹದಿನಾಲ್ಕು ಸಾವಿರ ಕಿಲೋಮೀಟರು ಹೋಗಿ ಜೌಗು ನೋಡಿ ಬೆರಗಾದೆ!

ಈ ಮರದ ಆಯುಸ್ಸೂ ಒಂದು ಬೆರಗೇ. ಉತ್ತರ ಕೆರೊಲೈನಾದ ಬ್ಲ್ಯಾಕ್ ನದಿಯ ಜೌಗಿನಲ್ಲಿ ನಿಂತಿರುವ ಒಂದು ಬೋಳು ಸೈಪ್ರೆಸ್ಸಿಗೆ ಕನಿಷ್ಠ 2,624 ವರ್ಷ ಎಂದು ಡೇವಿಡ್ ಸ್ಟಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದರು. ಮರವನ್ನು ಕೆಡವದೆ ತೆಳ್ಳಗಿನ ಸಲಾಕೆಯಂಥ ತುಣುಕನ್ನು ತೆಗೆದು ಉಂಗುರ ಎಣಿಸುವ ವಿದ್ಯೆ ಅದು. ಬಾದಾಮಿಯ ಮೂರನೆಯ ಗುಹೆಯನ್ನು ಕೊರೆದು ಮುಗಿಸಿದ 578ನೆಯ ಇಸವಿಯಲ್ಲಿ ಆ ಮರಕ್ಕೆ ಆಗಲೇ ಸಾವಿರದ ನೂರು ವರ್ಷ ದಾಟಿತ್ತು. ಮಳೆ ಕಡಿಮೆಯಾದ ವರ್ಷ ಉಂಗುರ ಸಣ್ಣದಾಗುತ್ತದೆ. ರೋನೋಕ್ ದ್ವೀಪದಲ್ಲಿ 1587ರಲ್ಲಿ ನೆಲೆಸಿ ಆಮೇಲೆ ಪತ್ತೆಯಿಲ್ಲದೆ ಹೋದ ಆಂಗ್ಲ ವಲಸೆಗಾರರ ಕಥೆ ಪ್ರಸಿದ್ಧವಲ್ಲವೆ? ಅವರು ಬಂದ 1587ರಿಂದ 1589ರ ವರೆಗಿನ ಬರಗಾಲ ಎಂಟುನೂರು ವರ್ಷಗಳಲ್ಲೇ ಅತಿ ಕಠಿಣವಾಗಿತ್ತೆಂದು ಹೇಳಿದ್ದು ಈ ಮರದ ಉಂಗುರಗಳೇ. ನಮ್ಮ ಕಚೇರಿಯ ಕಪಾಟಿನಲ್ಲಿ ಹತ್ತು ವರ್ಷದ ಕಡತ ಸಿಗುವುದಿಲ್ಲ!

ಇಷ್ಟು ಬಾಳುವ ಮರವನ್ನು ಮನುಷ್ಯ ನಲವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಮುಗಿಸಿದ. ನೀರಿನಲ್ಲಿ ಕೊಳೆಯದ ಕಟ್ಟಿಗೆ ಇದು. ಮನೆ, ದೋಣಿ, ನೀರಿನ ತೊಟ್ಟಿ ಎಲ್ಲಕ್ಕೂ ಬೇಕು. 1890ರ ಸುಮಾರಿಗೆ ಉಗಿಯಂತ್ರಗಳು ಜೌಗಿಗೆ ಇಳಿದವು. ದೋಣಿಯ ಮೇಲೆ ನಿಲ್ಲಿಸಿದ ರಾಟೆಯಿಂದ ದಿಮ್ಮಿಗಳನ್ನು ಎಳೆದೆಳೆದು 1930ರ ಹೊತ್ತಿಗೆ ಲೂಯಿಸಿಯಾನಾದ ಹಳೆಯ ಸೈಪ್ರೆಸ್ ಕಾಡು ಬಹುಮಟ್ಟಿಗೆ ಬರಿದಾಯಿತು. ನಾನು ಸೇತುವೆಯ ಮೇಲಿಂದ ನೋಡಿ ಬೆರಗಾದ ಮರಗಳಲ್ಲಿ ಹೆಚ್ಚಿನವು ಆಮೇಲೆ ಬೆಳೆದ ಎಳೆಯವು ಎಂದು ಭಾವನವರು ಹೇಳಿದಾಗ ಸ್ವಲ್ಪ ಪೆಚ್ಚಾದೆ.

ರಜೆ ಮುಗಿಯಲು ವಾರವಿದ್ದಾಗ ನ್ಯೂ ಆರ್ಲಿಯನ್ಸಿಗೆ ಹೋದೆವು. ಪೇಟೆಯ ಭಾಗ ಎಲ್ಲರೂ ನೋಡುವಂಥದು, ಅದನ್ನು ಬಿಡುತ್ತೇನೆ. ಅಕ್ಕ ನಮ್ಮನ್ನು ಊರಿನ ಪೂರ್ವಕ್ಕೆ, ಬಯೂ ಬಿಯೆನ್‌ವೆನ್ಯೂ ಎಂಬಲ್ಲಿಗೆ ಕರೆದೊಯ್ದಳು. ಏರಿಯನ್ನು ಹತ್ತಿದರೆ ಒಂದು ಕಟ್ಟಿಗೆಯ ಅಟ್ಟಣೆ. ಅದರಾಚೆ ವಿಶಾಲವಾದ ಬರಿ ನೀರು. ನೀರಿನ ತುಂಬ ಸತ್ತ ಮರಗಳ ಬೂದು ಮೋಟುಗಳು. ಹಿಂದೆ ಅಲ್ಲಿ ದಟ್ಟವಾದ ಸೈಪ್ರೆಸ್ ಜೌಗಿತ್ತು. 1960ರ ದಶಕದಲ್ಲಿ ಹಡಗುಗಳಿಗೆ ಹತ್ತಿರದ ದಾರಿಯಾಗಲೆಂದು ಸಮುದ್ರದಿಂದ ಊರಿಗೆ ನೇರ ಕಾಲುವೆ ತೋಡಿದರು. ಕಾಲುವೆಯಲ್ಲಿ ಉಪ್ಪುನೀರು ಬಂತು. ಈ ಮರ ಸಿಹಿನೀರಿನಲ್ಲಿ ಎಷ್ಟು ದಿನ ಬೇಕಾದರೂ ನಿಂತೀತು, ಉಪ್ಪನ್ನು ಮಾತ್ರ ತಡೆಯಲಾರದು. ಕಾಡು ಸತ್ತಿತು. 2005ರಲ್ಲಿ ಕಟ್ರೀನಾ ಬಂದಾಗ ಕಡಲಿನ ಅಲೆಯನ್ನು ತಡೆಯಲು ಮರಗಳಿರಲಿಲ್ಲ. ಒಡ್ಡು ಒಡೆದು ಪಕ್ಕದ ಬಡಾವಣೆ ಮುಳುಗಿತು. 2009ರಲ್ಲಿ ಕಾಲುವೆಗೆ ಕಲ್ಲಿನ ಒಡ್ಡು ಹಾಕಿ ಮುಚ್ಚಿದರು. ಈಗ ಆ ಸುತ್ತಿನ ಜೌಗುಗಳಲ್ಲಿ ಜನರೇ ಸೇರಿ ಸಸಿ ನೆಡುತ್ತಾರೆ. ನ್ಯೂಟ್ರಿಯಾ ಎಂಬ ದೊಡ್ಡ ಹೆಗ್ಗಣದಂಥ ಪ್ರಾಣಿ ಎಳೆಯ ಕಾಂಡ ಕಡಿದುಹಾಕುವುದರಿಂದ ಒಂದೊಂದು ಸಸಿಗೂ ಕೊಳವೆಯ ಅಂಗಿ ತೊಡಿಸುತ್ತಾರೆ.

ಅಕ್ಕ ಮೋಟುಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಸಹಜವಾಗಿ ಕೇಳಿದಳು: “ತಮ್ಮಾ, ಮಾಳಮಡ್ಡಿ ಮನಿ ನೇರಲ ಗಿಡ ಹೆಂಗದ? ಈ ವರ್ಷ ಬಿಟ್ಟಿತ್ತು ಅಂದಿದ್ದೆಲ್ಲ?”

ಅವ್ವ ಹೋದ ಮೇಲೆ ಧಾರವಾಡದ ಮನೆಯನ್ನು 2022ರಲ್ಲಿ ಮಾರಿದೆವು. ಅಕ್ಕ ಕಾಗದಕ್ಕೆ ಸಹಿ ಮಾಡಿ ಕಳಿಸುವಾಗ ಒಂದೇ ಮಾತು ಹೇಳಿದ್ದಳು: ನೇರಲ ಗಿಡ ಕಡಿಯಬಾರದೆಂದು ಕೊಂಡವರಿಗೆ ಹೇಳು. ಅವಳು ಹುಟ್ಟಿದ ವರ್ಷ ಅವ್ವ ಹಚ್ಚಿದ ಗಿಡ ಅದು. ನಾನು ಹೇಳಿದ್ದೆ, ಬಾಯಿಮಾತಿನಲ್ಲಿ. ದಿನವೂ ಕಾಗದ ಬರೆಯುವ ನಾನು ಅದೊಂದನ್ನು ಕಾಗದದಲ್ಲಿ ಬರೆಸಲಿಲ್ಲ. 2023ರ ಬೇಸಿಗೆಯಲ್ಲಿ ಮನೆಯನ್ನೂ ಗಿಡವನ್ನೂ ಕೆಡವಿದರು. ಎರಡು ಜೂನ್ ಅಕ್ಕ ಫೋನಿನಲ್ಲಿ ಹಣ್ಣು ಬಿಟ್ಟಿತೇ ಎಂದು ಕೇಳಿದಳು. ಎರಡು ಸಲವೂ ‘ಬಿಟ್ಟಿತ್ತು’ ಎಂದೆ.

ಆ ಅಟ್ಟಣೆಯ ಮೇಲೆ ಮೂರನೆಯ ಸಲ ಸುಳ್ಳು ಹೇಳಲಾಗಲಿಲ್ಲ. ಹೇಳಿಬಿಟ್ಟೆ. ಅಕ್ಕ ನನ್ನ ಮುಖ ನೋಡಲಿಲ್ಲ. ಬೇಟನ್ ರೂಜಿನ ವರೆಗೆ ಎಂಬತ್ತು ಮೈಲಿ ಯಾರೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಬಡಿಸಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನಲ್ಲಿದ್ದಳು. ರಾತ್ರಿ ಗಾಳಿಗೆ ಗಿಡದ ಉಳಿದ ಗರಿಯೆಲ್ಲ ಉದುರಿತ್ತು. ಅದನ್ನು ಕೈಯಿಂದ ಗೋಚಿ ಗೋಚಿ ಬುಡಕ್ಕೆ ಹಾಕುತ್ತಿದ್ದಳು. ನಾನು ಕೊಡ ಹಿಡಿದು ಹೋಗಿ ನಿಂತೆ.

“ಕಟ್ಟಿಗಿ ಯಾರು ಒಯ್ದರು?” ಎಂದಳು.

“ಗೊತ್ತಿಲ್ಲಕ್ಕಾ. ನಾ ಹೋಗೂದ್ರಾಗ ಎಲ್ಲಾ ಸ್ವಚ್ಛ ಮಾಡಿದ್ರು.”

“ಆ ದಿನಾನ ಹೇಳಬೇಕಿತ್ತು ನೀನು.”

“ಹೂಂ.”

ಅಷ್ಟೇ. ಮುಂದೆ ಆ ವಿಷಯ ಎತ್ತಲಿಲ್ಲ. ಆದರೆ ಆ ವಾರವೆಲ್ಲ ನನ್ನೊಡನೆ ಎರಡು ಮಾತಿದ್ದಲ್ಲಿ ಒಂದೇ ಆಡಿದಳು. ಅದು ನನಗೆ ಬರಬೇಕಾದದ್ದೇ.

ಹೊರಡುವ ಮುನ್ನಾದಿನ ಪಕ್ಕದ ಬೀದಿಯ ದೊಡ್ಡ ಸೈಪ್ರೆಸ್ಸಿನ ಕೆಳಗಿಂದ ಕೆಲವು ಕಾಯಿಗಳನ್ನು ಆರಿಸಿದೆ. ಅಡಿಕೆಗಿಂತ ಚೂರು ಚಿಕ್ಕವು, ಗುಂಡಗೆ. ಒತ್ತಿದರೆ ಒಡೆದು ಕೈಗೆಲ್ಲ ಅಂಟು. ಆ ವಾಸನೆ ಸೋಪಿಗೂ ಹೋಗಲಿಲ್ಲ. ಊರಿಗೆ ಒಯ್ಯುವ ಆಸೆ. ಆದರೆ ನಮ್ಮ ದೇಶಕ್ಕೆ ಬೀಜ ತರಬೇಕಾದರೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಿಗಿಯೂ ರೋಗವಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಸರಕಾರದ ಉಪ್ಪು ತಿನ್ನುವವನು ಕಿಸೆಯಲ್ಲಿ ಬೀಜ ಕದ್ದು ತರಲೆ? ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟು ಬಂದೆ. ತಂದಿದ್ದರೂ ಪುಣೆಯ ಸುಣ್ಣದಂಶದ ಕರಿಮಣ್ಣು, ಮೂರನೆಯ ಮಹಡಿಯ ಸರಕಾರಿ ಕೋಣೆ, ಎಲ್ಲಿ ಹಚ್ಚುವುದು?

ಅಕ್ಕ ಅವುಗಳನ್ನು ಎಸೆಯಲಿಲ್ಲವಂತೆ. ಬಿಡಿಸಿ ನೀರಿನಲ್ಲಿ ನೆನೆಹಾಕಿ, ಒದ್ದೆ ಉಸುಕಿನಲ್ಲಿ ಕಲಸಿ ಡಬ್ಬಿಯಲ್ಲಿ ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟಳು. ಈ ಬೀಜ ಚಳಿಗಾಲ ಕಳೆಯಿತೆಂದು ನಂಬುವ ತನಕ ಸುಲಭವಾಗಿ ಮೊಳೆಯುವುದಿಲ್ಲ. ಡಬ್ಬಿಯನ್ನು ಭಾವನವರು ಎರಡು ಸಲ ಉಪ್ಪಿನಕಾಯಿ ಎಂದು ತೆರೆದರಂತೆ. ಮಾರ್ಚಿನಲ್ಲಿ ಕುಂಡದ ಹಸಿ ಮಣ್ಣಿನಲ್ಲಿ ಬಿತ್ತಿದಳು. ಏಪ್ರಿಲ್ ಕೊನೆಗೆ ಒಂದು ರವಿವಾರ ಫೋನು ಬಂತು.

“ಒಂಬತ್ತು ಹುಟ್ಯಾವ,” ಎಂದಳು. “ಇವರು ಎಲ್ಲಿ ಹಚ್ಚತೀ ಅಂತ ಈಗಿಂದ ಗಂಟ ಬಿದ್ದಾರ.”